ಕೋರಾ ಜೀನ್ಸು: ಸವೆತದ ಬೆಲೆ ಯಾರದು?

ನಮ್ಮ ಮನೆಗಳಲ್ಲಿ ‘ಕೋರಾ’ ಎಂಬ ಮಾತೊಂದಿದೆ. ಮಗ್ಗದಿಂದ ಇಳಿದ ಮೇಲೆ ಇನ್ನೂ ನೀರು ಕಾಣದ, ಗಂಜಿ ಬಿಡದ ಬಟ್ಟೆಗೆ ಕೋರಾ ಎನ್ನುತ್ತಾರೆ. ಉರ್ದುವಿನಲ್ಲಿ ಏನೂ ಬರೆಯದ ಹಾಳೆಗೂ ಅದೇ ಹೆಸರು. ಹಬ್ಬಕ್ಕೆ ತಂದ ಕೋರಾ ಬಟ್ಟೆಯನ್ನು ಹೊಲಿಯುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುರ್ತಾ ಮೇಲೇರುತ್ತದೆ ಎಂಬುದು ದರ್ಜಿಯ ಮನೆಯಲ್ಲಿ ಹುಟ್ಟಿದ ನಮಗೆ ಎಳವೆಯಲ್ಲೇ ತಿಳಿದ ಪಾಠ. ಇದೇ ಮಾತನ್ನು ಜಪಾನೀಯರೂ ತಮ್ಮ ಭಾಷೆಯಲ್ಲಿ ಆಡುತ್ತಾರೆ ಎಂದು ಗೊತ್ತಾದದ್ದು ಮಾತ್ರ ಇತ್ತೀಚೆಗೆ, ಒಂದು ಜೀನ್ಸ್ ಪ್ಯಾಂಟಿನಿಂದ.

ಒಸಾಕಾದಲ್ಲಿ ಎಂಜಿನಿಯರ್ ಆಗಿರುವ ನಮ್ಮ ಭಾಂಜಾ, ಅಂದರೆ ಆಪಾಳ ಮಗ, ಎರಡು ವರ್ಷದ ಹಿಂದೆ ರಜೆಗೆಂದು ದಾವಣಗೆರೆಗೆ ಬಂದಿದ್ದ. ಅವನು ತೊಟ್ಟಿದ್ದ ಜೀನ್ಸು ಕಡುನೀಲಿ ಬಣ್ಣದ್ದು, ಹಲಗೆಯಂತೆ ಸೆಟೆದುಕೊಂಡಿತ್ತು. ರಾತ್ರಿ ಕಳಚಿ ಗೋಡೆಗೆ ಆನಿಸಿದರೆ ಒಳಗೆ ಮನುಷ್ಯನಿದ್ದಾನೆ ಎಂಬಂತೆ ನಿಂತೇ ಇರುತ್ತಿತ್ತು. ದಸ್ತರ್‌ಖಾನ್ ಹಾಸಿದಾಗ ಮಂಡಿ ಮಡಚಲಾಗದೆ ಅವನು ಪಟ್ಟ ಪಾಡು ನೋಡಿ ಮಕ್ಕಳು ನಕ್ಕವು. ಅಮ್ಮಿಯ ಬಿಳಿ ಚಾದರದ ಮೇಲೆ ಅವನು ಕೂತಲ್ಲೆಲ್ಲ ನೀಲಿ ಅಚ್ಚು. ಬೆಲೆ ಕೇಳಿದರೆ ಸುಮಾರು 30 ಸಾವಿರ ಯೆನ್, ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿಗೂ ಮೇಲೆ.

‘ಇಷ್ಟು ಕೊಟ್ಟು ಬಣ್ಣ ಬಿಡುವ ಬಟ್ಟೆ ತಂದೆಯಾ?’ ಎಂದರು ಅಮ್ಮಿ.

‘ಬಣ್ಣ ಬಿಡಲಿ ಅಂತಲೇ ತಂದದ್ದು, ನಾನಿ’ ಎಂದ ಅವನು.

ಮನೆಮಂದಿಯೆಲ್ಲ ನಗುತ್ತಿದ್ದಾಗ ಅಬ್ಬಾ ಮಾತ್ರ ಪ್ಯಾಂಟನ್ನು ಕೈಗೆತ್ತಿಕೊಂಡು ಒಳಮಗ್ಗುಲು ಹೊರಗೆ ಮಾಡಿ ನೋಡಿದರು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು ಅವರು. ಕಾಲಿನ ಪಕ್ಕದ ಹೊಲಿಗೆಯುದ್ದಕ್ಕೂ ಬಿಳಿಯ ಅಂಚು, ಆ ಅಂಚಿನಲ್ಲಿ ಒಂದು ಕೆಂಪು ಎಳೆ. ‘ಇದು ಲಾಳಿ ಮಗ್ಗದ ಬಟ್ಟೆ. ಕಿನಾರಿ ನೋಡು, ಎಲ್ಲೂ ಎಳೆ ಬಿಚ್ಚಿಲ್ಲ’ ಎಂದರು. ಈ ಜೀನ್ಸಿನ ಚರಿತ್ರೆಯನ್ನು ನಾವು ಹುಡುಕತೊಡಗಿದ್ದು ಆ ಕಿನಾರಿಯಿಂದ.

ನೀಲಿಯ ಒಳಗೆ ಬಿಳಿ

ಹಾಸಿನಲ್ಲಿ ನೀಲಿ ನೂಲು, ಹೊಕ್ಕಿನಲ್ಲಿ ಬಿಳಿ ನೂಲು ಇಟ್ಟು, ಓರೆಗೆರೆ ಮೂಡುವಂತೆ ನೇಯ್ದ ದಪ್ಪ ಹತ್ತಿಬಟ್ಟೆಯೇ ಡೆನಿಮ್. ಆ ಹೆಸರು ಫ್ರಾನ್ಸಿನ ನೀಮ್ ಪಟ್ಟಣದಿಂದ ಬಂತೆಂದೂ, ‘ಜೀನ್’ ಎಂಬುದು ಇಟಲಿಯ ಜೆನೋವಾ ಬಂದರಿನಿಂದ ಬಂತೆಂದೂ ಹೇಳುವುದುಂಟು. ಇವುಗಳ ಜೊತೆ ನಮ್ಮ ನೆಲದ ಹೆಸರೂ ಒಂದಿದೆ. ದುಡಿಯುವವರ ಒರಟು ಬಟ್ಟೆಗೆ ಇಂಗ್ಲಿಷರು ಇಟ್ಟ ‘ಡಂಗರಿ’ ಎಂಬ ಹೆಸರಿನ ಮೂಲ ‘ಡುಂಗ್ರಿ’ ಎಂಬ ಹಿಂದುಸ್ತಾನಿ ಪದ; ಅದರ ನಂಟು ಇಂದಿನ ಮುಂಬಯಿಯ ಡೋಂಗ್ರಿಗೆ.

ಬಣ್ಣದ ಮಾತು ಬಂದರೆ ನಮ್ಮ ಪಾಲು ಇನ್ನೂ ದೊಡ್ಡದು. ‘ಇಂಡಿಗೊ’ ಎಂಬ ಪದದ ಅರ್ಥವೇ ಭಾರತದಿಂದ ಬಂದದ್ದು ಎಂದು. ‘ನೀಲ್’ ಎಂಬ ನಮ್ಮ ಪದ ಅರಬ್ಬಿಗೆ ಹೋಗಿ, ಅಲ್ಲಿಂದ ಪೋರ್ಚುಗೀಸರ ಬಾಯಲ್ಲಿ ‘ಅನಿಲ್’ ಆಗಿ, ಕೊನೆಗೆ ‘ಅನಿಲಿನ್’ ಎಂಬ ರಾಸಾಯನಿಕದ ಹೆಸರಿನಲ್ಲಿ ಉಳಿಯಿತು. ಆದರೆ ಈ ನೀಲಿಯನ್ನು ಬೆಳೆದವರ ಕಥೆ ಸುಖದ್ದಲ್ಲ. 1859ರಲ್ಲಿ ಬಂಗಾಳದ ರೈತರು ನೀಲಿ ತೋಟಗಳ ಬಿಳಿಯ ಮಾಲೀಕರ ವಿರುದ್ಧ ಎದ್ದರು. ಮರುವರ್ಷವೇ ದೀನಬಂಧು ಮಿತ್ರರ ‘ನೀಲ್ ದರ್ಪಣ್’ ನಾಟಕ ಹೊರಬಂತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಿದ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ಗಿಡದ ನೀಲಿಯ ಕಾಲ ಮುಗಿಯುತ್ತ ಬಂತು. ಆದರೂ ಬಿಹಾರದ ಚಂಪಾರಣ್ಯದ ರೈತರು ತಮ್ಮ ಹೊಲದ ಇಪ್ಪತ್ತರಲ್ಲಿ ಮೂರು ಪಾಲು ನೆಲದಲ್ಲಿ ನೀಲಿ ಬೆಳೆಯಲೇಬೇಕೆಂಬ ಕಟ್ಟಳೆಯಿಂದ ಬಿಡುಗಡೆ ಪಡೆಯಲು 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಬೇಕಾಯಿತು. ಇಂದಿನ ಜೀನ್ಸುಗಳ ನೀಲಿ ಬಹುಪಾಲು ಕಾರ್ಖಾನೆಯದೇ.

ನೀಲಿಯ ಸ್ವಭಾವ ವಿಚಿತ್ರ. ಅದು ನೀರಿನಲ್ಲಿ ಕರಗುವುದಿಲ್ಲ. ಬೇರೆ ರಾಸಾಯನಿಕ ಬೆರೆಸಿ ಕರಗಿಸಿದಾಗ ತೊಟ್ಟಿಯಲ್ಲಿ ಅದು ಹಳದಿ ಮಿಶ್ರಿತ ಹಸಿರಾಗಿ ಕಾಣುತ್ತದೆ. ಅದರಲ್ಲಿ ಅದ್ದಿದ ನೂಲನ್ನು ಮೇಲೆತ್ತಿ ಗಾಳಿಗೆ ಹಿಡಿದಾಗ ಕಣ್ಣೆದುರೇ ನೀಲಿಯಾಗುತ್ತದೆ. ಗಾಢ ಬಣ್ಣ ಬೇಕೆಂದರೆ ಹೀಗೆ ಅದ್ದಿ ಎತ್ತುವುದನ್ನು ಹಲವು ಸಲ ಮಾಡಬೇಕು. ಡೆನಿಮ್ ನೂಲನ್ನು ಹಗ್ಗದಂತೆ ಕಟ್ಟುಕಟ್ಟಾಗಿ ಅದ್ದುತ್ತಾರೆ. ಅಷ್ಟಾದರೂ ಬಣ್ಣ ಎಳೆಯ ಹೊರಮೈಯಲ್ಲೇ ನಿಲ್ಲುತ್ತದೆ, ತಿರುಳು ಬಿಳಿಯಾಗಿಯೇ ಇರುತ್ತದೆ. ತಿಕ್ಕಿದಲ್ಲಿ ಹೊರಗಿನ ನೀಲಿ ಉದುರಿ ಒಳಗಿನ ಬಿಳಿ ಇಣುಕುತ್ತದೆ. ಜೀನ್ಸ್ ಮಾಸುವ ಗುಟ್ಟು ಇಷ್ಟೇ. ಬಣ್ಣಗಾರಿಕೆಯ ಲೆಕ್ಕದಲ್ಲಿ ಇದು ಒಂದು ಕುಂದು. ಆ ಕುಂದಿಗಾಗಿಯೇ ಇಂದು ಜಗತ್ತು ಹಣ ಕೊಡುತ್ತಿದೆ.

ಸೋತ ದೇಶದ ಸಂತೆಯಲ್ಲಿ

ಅಮೆರಿಕದ ನೆವಾಡಾ ರಾಜ್ಯದ ರೀನೋ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೊಬ್ಬನಿದ್ದ. ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಿರಲೆಂದು ಅವನು ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ. ಪೇಟೆಂಟಿಗೆ ಹಣ ಸಾಲದೆ, ತನಗೆ ಬಟ್ಟೆ ಒದಗಿಸುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ಲೀವೈ ಸ್ಟ್ರಾಸ್‌ನನ್ನು ಜೊತೆಗೆ ಕರೆದುಕೊಂಡ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಲೀವೈಸ್ ಎಂಬ ಹೆಸರು ಜಗತ್ತಿಗೆಲ್ಲ ಗೊತ್ತು, ಡೇವಿಸನ ಹೆಸರು ಕೆಲವರಿಗಷ್ಟೇ. ದರ್ಜಿಗಳ ಚರಿತ್ರೆಯಲ್ಲಿ ಇದು ಹೊಸದೇನಲ್ಲ.

ಆ ಪ್ಯಾಂಟು ಜಪಾನಿಗೆ ಬಂದದ್ದು ಸೈನಿಕರ ಜೊತೆ. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನು 1945ರಿಂದ 1952ರವರೆಗೆ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಸೈನಿಕರು ಬಿಟ್ಟ ಹಳೆಯ ಬಟ್ಟೆಗಳು ಟೋಕಿಯೊದ ಉಯೆನೊ ಬಳಿಯ ಅಮೆಯೊಕೊ ಸಂತೆಗೆ ಬಂದು ಬೀಳುತ್ತಿದ್ದವು. ಹಸಿದ ಊರಿನ ಹುಡುಗರ ಕಣ್ಣಿಗೆ ಆ ಮಾಸಲು ನೀಲಿ ಪ್ಯಾಂಟು ಗೆದ್ದವರ ಉಡುಪಾಗಿ ಕಂಡಿತು. ಅದನ್ನು ‘ಜೀಪಾನ್’ ಎಂದು ಕರೆದರು. ಹೀಗೆ ಜಪಾನೀಯರಿಗೆ ಜೀನ್ಸಿನ ಪರಿಚಯವಾದದ್ದೇ ಬೇರೆಯವರು ತೊಟ್ಟು ಸವೆಸಿದ ಬಟ್ಟೆಯಾಗಿ. ಈ ಮಾತನ್ನು ನೆನಪಿಡಬೇಕು.

ಜೀನ್ಸನ್ನು ತಾವೇ ಹೊಲಿಯಲು ಹೊರಟವರು ಒಕಾಯಾಮಾ ಪ್ರಾಂತ್ಯದ ಕೋಜಿಮಾದವರು. ಕೋಜಿಮಾ ಇಂದು ಕುರಾಶಿಕಿ ನಗರದ ಭಾಗ. ಅದರ ಸುತ್ತಲಿನ ನೆಲ ಸಮುದ್ರವನ್ನು ಹಿಂದಕ್ಕೆ ಸರಿಸಿ ಪಡೆದದ್ದು. ಉಪ್ಪುಮಣ್ಣಿನಲ್ಲಿ ಭತ್ತ ಬಾರದು, ಹತ್ತಿ ತಾಳಿಕೊಳ್ಳುತ್ತದೆ. ಹಾಗಾಗಿ ಅಲ್ಲಿನವರು ಹತ್ತಿ ಬೆಳೆದರು, ಹತ್ತಿಯಿಂದ ಪಟ್ಟಿ ನೇಯ್ದರು, ಬಳಿಕ ‘ತಾಬಿ’ ಎಂಬ ಕಾಲುಚೀಲ ಹೊಲಿದರು, ಇಪ್ಪತ್ತನೆಯ ಶತಮಾನದಲ್ಲಿ ಶಾಲಾ ಸಮವಸ್ತ್ರದ ದೊಡ್ಡ ಕೇಂದ್ರವಾದರು. ಸಿಂಥೆಟಿಕ್ ನೂಲು ಬಂದು ಸಮವಸ್ತ್ರದ ವ್ಯಾಪಾರ ಏರುಪೇರಾದಾಗ ಅಲ್ಲಿನ ಮಾರುವೊ ಎಂಬ ಕಂಪನಿ, ಮುಂದೆ ಬಿಗ್ ಜಾನ್ ಎಂದು ಹೆಸರಾದದ್ದು, 1965ರಲ್ಲಿ ಅಮೆರಿಕದಿಂದ ಬಟ್ಟೆ ತರಿಸಿ ಜೀನ್ಸ್ ಹೊಲಿಯತೊಡಗಿತು.

ಮೊದಲ ಅಡ್ಡಿ ಸೂಜಿಯದು. ಸಮವಸ್ತ್ರ ಹೊಲಿಯುತ್ತಿದ್ದ ಯಂತ್ರಗಳಿಗೆ ಡೆನಿಮ್‌ನ ದಪ್ಪ ಮಡಿಕೆ ಬಗ್ಗಲಿಲ್ಲ, ಅಮೆರಿಕದಿಂದ ಯೂನಿಯನ್ ಸ್ಪೆಷಲ್ ಯಂತ್ರಗಳನ್ನು ತರಿಸಬೇಕಾಯಿತು. ಇದನ್ನು ಓದಿದಾಗ ನಮಗೆ 1995ರ ನಮ್ಮ ಮನೆ ನೆನಪಾಯಿತು. ಅರವಿಂದ್ ಮಿಲ್ಸ್‌ನವರು ಆಗ ‘ರಫ್ ಅಂಡ್ ಟಫ್’ ಎಂಬ ಹೆಸರಿನಲ್ಲಿ ಬಟ್ಟೆ, ಜಿಪ್, ರಿವೆಟ್ ಎಲ್ಲವನ್ನೂ ಪೊಟ್ಟಣ ಕಟ್ಟಿ ಮಾರುತ್ತಿದ್ದರು. ಊರಿನ ದರ್ಜಿಯ ಕೈಯಲ್ಲಿ ಹೊಲಿಸಿಕೊಳ್ಳಬೇಕು. ನಮಗೊಂದು ಜೀನ್ಸ್ ಹೊಲಿದುಕೊಡಲು ಅಬ್ಬಾ ಮೂರು ಸೂಜಿ ಮುರಿದರು. ಸೊಂಟಪಟ್ಟಿಗೆ ಲೂಪ್ ಕೂಡಿಸುವ ಜಾಗದಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಎರಡನೆಯ ಅಡ್ಡಿ ಗಿರಾಕಿಯದು. ಅಮೆಯೊಕೊದ ಮೆತ್ತನೆಯ ಹಳೆಯ ಜೀನ್ಸಿಗೆ ಒಗ್ಗಿದ್ದ ಜನ ಕೋಜಿಮಾದ ಹೊಸ ಜೀನ್ಸನ್ನು ಮುಟ್ಟಿ ನೋಡಿ, ಹಲಗೆಯಂತಿದೆ ಎಂದು ಹಾಗೇ ಇಟ್ಟರು. ತಯಾರಕರು ಬೇರೆ ದಾರಿ ಕಾಣದೆ ಪ್ಯಾಂಟುಗಳನ್ನು ಮೊದಲೇ ಒಗೆದು, ಮೆದುಮಾಡಿ ಅಂಗಡಿಗೆ ಕಳಿಸಿದರು. ಯಾವ ಬಿರುಸಿಗಾಗಿ ನಮ್ಮ ಭಾಂಜಾ ಹದಿನೈದು ಸಾವಿರ ತೆತ್ತನೋ, ಆ ಬಿರುಸನ್ನು ಅವನಿಗಿಂತ ಎರಡು ತಲೆಮಾರು ಹಿಂದಿನ ಜಪಾನೀಯರು ಬಿಟ್ಟಿಯಾಗಿಯೂ ಬೇಡವೆಂದಿದ್ದರು.

ಲುಂಗಿ ನೇಯುತ್ತಿದ್ದವರು

ಹೊಲಿಗೆಯೇನೋ ಕೈಗೆ ಬಂತು, ಬಟ್ಟೆ ಇನ್ನೂ ಅಮೆರಿಕದ್ದೇ ಆಗಿತ್ತು. ಜಪಾನಿನ ಸ್ವಂತ ಡೆನಿಮ್‌ನ ಹಿಂದೆ ನಮ್ಮ ಓದುಗರಿಗೆ ಹತ್ತಿರವಾಗುವ ಸಂಗತಿಯೊಂದಿದೆ.

ಹಿರೋಶಿಮಾ ಪ್ರಾಂತ್ಯದ ಫುಕುಯಾಮಾದ ಕಾಯಿಹಾರಾ ಎಂಬ ಸಂಸ್ಥೆ ಶುರುವಾದದ್ದು 1893ರಲ್ಲಿ. ನೂಲನ್ನು ಕಟ್ಟಿ ನೀಲಿಯಲ್ಲಿ ಅದ್ದಿ ನೇಯುವ ‘ಕಸೂರಿ’ ಬಟ್ಟೆ ಅದರ ಕಸುಬು. ಯುದ್ಧದ ಬಳಿಕ ಜಪಾನೀಯರು ಕಿಮೊನೊ ಬಿಟ್ಟು ಪ್ಯಾಂಟು, ಗೌನು ತೊಡತೊಡಗಿದಾಗ ಕಸೂರಿಗೆ ಕೊಳ್ಳುವವರಿಲ್ಲದಾಯಿತು. ಆಗ ಕಾಯಿಹಾರಾದವರು ಅಗಲ ಪನ್ನದ ಕಸೂರಿ ನೇಯ್ದು, 1960ರ ದಶಕದಲ್ಲಿ ಮಧ್ಯಪ್ರಾಚ್ಯಕ್ಕೆ ಕಳಿಸಿದರು. ಅಲ್ಲಿನ ಮುಸ್ಲಿಮರು ಅದನ್ನು ಸೊಂಟಕ್ಕೆ ಸುತ್ತಿಕೊಂಡರು. ಅಂದರೆ ಇಂದು ಜಗತ್ತಿಗೆ ಜೀನ್ಸ್ ಬಟ್ಟೆ ಕೊಡುವ ಮನೆತನ ಅಂದು ಬದುಕಿದ್ದು ಲುಂಗಿಯಿಂದ! 1967ರ ನವೆಂಬರಿನಲ್ಲಿ ಬ್ರಿಟನ್ ಪೌಂಡಿನ ಬೆಲೆ ಇಳಿಸಿತು, ಅದೇ ತಿಂಗಳು ಬ್ರಿಟಿಷರು ಏಡನ್ ಬಂದರು ಬಿಟ್ಟು ಹೊರಟರು. ಆ ವ್ಯಾಪಾರ ಕುಸಿಯಿತು. ಕೈಯಲ್ಲಿ ಉಳಿದದ್ದು ನೀಲಿ ಹಾಕುವ ವಿದ್ಯೆಯೊಂದೇ. ಅದನ್ನೇ ನಂಬಿ 1970ರಲ್ಲಿ ಹಗ್ಗದಂತೆ ನೂಲು ಅದ್ದುವ ಯಂತ್ರವನ್ನು ತಾವೇ ರೂಪಿಸಿದರು. 1973ರ ಹೊತ್ತಿಗೆ ಲೀವೈಸ್ ಕಂಪನಿಯೇ ಅವರಿಂದ ಡೆನಿಮ್ ಕೊಳ್ಳತೊಡಗಿತ್ತು. ಅದೇ ಸುಮಾರಿಗೆ ಕುರಾಬೊ ಎಂಬ ಗಿರಣಿ ಎಂಟನೆಯ ಪ್ರಯತ್ನದಲ್ಲಿ ಗೆದ್ದು ತನ್ನ ಡೆನಿಮ್‌ಗೆ ‘ಕೆಡಿ-8’ ಎಂದು ಹೆಸರಿಟ್ಟಿತು.

ಇತ್ತ ಅಮೆರಿಕದ ಗಿರಣಿಗಳು ಲಾಳಿಯ ಮಗ್ಗಗಳನ್ನು ಕಳಚಿ, ಹೆಚ್ಚುಕಡಿಮೆ ಎರಡು ಪಟ್ಟು ಅಗಲದ ಬಟ್ಟೆಯನ್ನು ಬಲುಬೇಗ ನೇಯುವ ಹೊಸ ಮಗ್ಗ ಹಾಕಿಕೊಂಡವು. ಲಾಳಿ ಇದ್ದರೆ ಹೊಕ್ಕಿನ ನೂಲು ತುಂಡಾಗದೆ ಅತ್ತಿಂದಿತ್ತ ಓಡಾಡುತ್ತದೆ, ಅಂಚು ತಾನಾಗಿ ಕಟ್ಟಿಕೊಳ್ಳುತ್ತದೆ. ಹೊಸ ಮಗ್ಗದಲ್ಲಿ ಪ್ರತಿ ಸಾಲಿಗೂ ನೂಲು ಕತ್ತರಿಸುವುದರಿಂದ ಅಂಚು ಬಿಚ್ಚುತ್ತದೆ. ಅಬ್ಬಾ ಗುರುತಿಸಿದ ಕಿನಾರಿ ಇದೇ. ಅಮೆರಿಕದ ಹಳೆಯ ಮಗ್ಗಗಳನ್ನು ಜಪಾನೀಯರು ಕೊಂಡೊಯ್ದರು ಎಂಬ ಕಥೆ ಬಹಳ ಕಡೆ ಹಬ್ಬಿದೆ. ಅದು ನಿಜವಲ್ಲ. ಅವರು ಬಳಸಿದ್ದು ತಮ್ಮದೇ ಟೊಯೊಡಾ ಮಗ್ಗಗಳನ್ನು. ಸಾಕಿಚಿ ಟೊಯೊಡಾ 1924ರಲ್ಲಿ ರೂಪಿಸಿದ ಜಿ ಮಾದರಿಯ ಮಗ್ಗ, ನಿಲ್ಲದೆಯೇ ಲಾಳಿ ಬದಲಿಸುತ್ತಿತ್ತು. 1929ರಲ್ಲಿ ಅದರ ಹಕ್ಕನ್ನು ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ ಕೊಡಲಾಯಿತು. ಮುಂದೆ ಅದೇ ಮನೆತನ ಟೊಯೊಟಾ ಕಾರು ತಯಾರಿಸಿತು.

1980ರ ದಶಕದಲ್ಲಿ ಯೆನ್ ಬಲವಾದಾಗ ಜಪಾನಿನ ವ್ಯಾಪಾರಿಗಳು ಅಮೆರಿಕದ ಸಣ್ಣ ಊರುಗಳ ಅಂಗಡಿಗಳ ಹಿಂದಿನ ಕೋಣೆಗಳನ್ನು ಜಾಲಾಡಿ, ದಶಕಗಳಿಂದ ಮಾರಾಟವಾಗದೆ ಉಳಿದಿದ್ದ ಹಳೆಯ ಜೀನ್ಸುಗಳನ್ನು ಹೊತ್ತು ತಂದರು. ಆ ದಾಸ್ತಾನು ಮುಗಿಯುವಂಥದ್ದು. ಮುಗಿದ ಮೇಲೆ ಒಸಾಕಾದ ಕೆಲವು ಹುಡುಗರು, ಅದೇ ಬಟ್ಟೆಯನ್ನು ನಾವೇ ಏಕೆ ಮಾಡಬಾರದು ಎಂದು ಹೊರಟರು. ಸ್ಟುಡಿಯೊ ಡಾರ್ಟಿಸನ್ 1979ರಲ್ಲೇ ಶುರುವಾಗಿತ್ತು. ಆಮೇಲೆ 1988ರಲ್ಲಿ ಡೆನಿಮೆ, 1991ರಲ್ಲಿ ಎವಿಸು, 1992ರಲ್ಲಿ ಫುಲ್‌ಕೌಂಟ್, 1995ರಲ್ಲಿ ವೇರ್‌ಹೌಸ್ ಬಂದವು. ಹಳೆಯ ಜೀನ್ಸನ್ನು ಎಳೆಎಳೆಯಾಗಿ ಬಿಚ್ಚಿ ನೂಲಿನ ಹುರಿ, ದಪ್ಪ, ಹೊಲಿಗೆಯ ದಾರವನ್ನು ಪರೀಕ್ಷಿಸಿದ ಜನ ಇವರು. ಫುಲ್‌ಕೌಂಟಿನವರು ಉದ್ದ ಎಳೆಯ ಹತ್ತಿಗಾಗಿ ಜಿಂಬಾಬ್ವೆವರೆಗೂ ಹೋದರು. ಅತ್ತ ಅಮೆರಿಕದಲ್ಲಿ 1905ರಿಂದ ನಡೆಯುತ್ತಿದ್ದ ಗ್ರೀನ್ಸ್‌ಬರೊದ ವೈಟ್ ಓಕ್ ಗಿರಣಿ 2017ರ ಕೊನೆಗೆ ಬಾಗಿಲು ಹಾಕಿತು. ಅಷ್ಟರಲ್ಲಿ, ಗೆದ್ದವರ ಹಳೆಯ ಪ್ಯಾಂಟು ತೊಟ್ಟ ದೇಶವೇ ಆ ಪ್ಯಾಂಟಿನ ವಿದ್ಯೆಯನ್ನು ಕಾಪಾಡುವ ದೇಶವಾಗಿಬಿಟ್ಟಿತ್ತು.

ಪಳಗಿಸುವ ದಿನಗಳು

ನಮ್ಮ ಭಾಂಜಾ ತನ್ನ ಪ್ಯಾಂಟನ್ನು ಕೊಂಡದ್ದು ಕೋಜಿಮಾಕ್ಕೇ ಹೋಗಿ. ಅಲ್ಲಿ ಜೀನ್ಸ್ ಅಂಗಡಿಗಳದ್ದೇ ಒಂದು ಬೀದಿಯಿದೆ. ನಮ್ಮಲ್ಲಿ ಉರುಸಿಗೆ ತೋರಣ ಕಟ್ಟಿದಂತೆ ಬೀದಿಯ ಮೇಲೆ ಪ್ಯಾಂಟುಗಳನ್ನು ಸಾಲಾಗಿ ನೇತುಹಾಕಿರುತ್ತಾರೆ. ಅಂಗಡಿಯವರು ಅವನಿಗೆ ಎರಡು ಬಗೆ ತೋರಿಸಿದರು. ಒಂದು, ಗಿರಣಿಯಲ್ಲೇ ಕುಗ್ಗಿಸಿದ್ದು, ಮನೆಯಲ್ಲಿ ಒಗೆದರೆ ಅಷ್ಟಾಗಿ ಕುಗ್ಗದು. ಇನ್ನೊಂದು ಮಗ್ಗದಿಂದ ಇಳಿದ ಹಾಗೆಯೇ ಹೊಲಿದದ್ದು, ಉದ್ದದಲ್ಲಿ ಹತ್ತನೆಯ ಒಂದು ಪಾಲಿನವರೆಗೂ ಕುಗ್ಗಬಹುದು. ಎರಡನೆಯದಕ್ಕೆ ಅವರ ಭಾಷೆಯಲ್ಲಿ ‘ಕಿಬಾತಾ’ ಎಂದು ಹೆಸರು. ನಮ್ಮ ‘ಕೋರಾ’ ಅದೇ.

ಅವನು ಕಿಬಾತಾವನ್ನೇ ಆರಿಸಿ, ಸೊಂಟ ಒಂದಳತೆ ದೊಡ್ಡದು ಕೊಂಡ. ಮನೆಗೆ ತಂದು ಒಳಮಗ್ಗುಲು ಹೊರಗೆ ಮಾಡಿ ಬೆಚ್ಚಗಿನ ನೀರಿನಲ್ಲಿ ನೆನೆಸಿದ. ನೀರು ನೀಲಿಯಾಯಿತು, ಗಂಜಿ ಬಿಟ್ಟಿತು. ನೆರಳಲ್ಲಿ ಒಣಗಿಸಿದ ಮೇಲೆ ಮೈಗೆ ಸರಿಹೊಂದಿತು. ಕಾಲಿನ ಉದ್ದ ಕತ್ತರಿಸುವುದು ಇದಾದ ಮೇಲೆಯೇ. ಮೊದಲೇ ಕತ್ತರಿಸಿದವರು ಅಳಬೇಕಾಗುತ್ತದೆ.

ಅಲ್ಲಿಂದಾಚೆಗೆ ತೊಡುವುದೊಂದೇ ಕೆಲಸ. ಮೊದಲ ತಿಂಗಳು ಹೊಸ ಎತ್ತಿನ ಜೊತೆ ಗುದ್ದಾಡಿದ ಹಾಗೆ. ಗುಂಡಿ ಹಾಕಲು ಹೆಬ್ಬೆರಳು ನೋಯುತ್ತದೆ, ಮಂಡಿಯ ಹಿಂದೆ ಬಟ್ಟೆ ಉಜ್ಜುತ್ತದೆ. ನಿಧಾನಕ್ಕೆ ಬಟ್ಟೆ ತೊಟ್ಟವನ ಮೈಯನ್ನು ಅರಿಯುತ್ತದೆ. ತೊಡೆಯ ಮೇಲ್ಭಾಗದಲ್ಲಿ ಕೂತು ಎದ್ದ ಮಡಿಕೆಗಳು ಬಿಳಿಗೆರೆಗಳಾಗುತ್ತವೆ, ಅವಕ್ಕೆ ಜಪಾನೀಯರು ‘ಹಿಗೆ’, ಅಂದರೆ ಗಡ್ಡಮೀಸೆ ಎನ್ನುತ್ತಾರೆ. ಮಂಡಿಯ ಹಿಂದೆ ಮೂಡುವ ಜಾಲಕ್ಕೆ ‘ಹಾಚಿನೊಸು’, ಜೇನುಗೂಡು.

ಈ ಗೆರೆಗಳು ಎದ್ದು ಕಾಣಬೇಕೆಂದರೆ ಆರು ತಿಂಗಳು, ವರ್ಷ ಒಗೆಯಲೇಬಾರದು ಎಂಬ ಹಟದವರು ಇದ್ದಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 15 ತಿಂಗಳು ಒಗೆಯದೆ ತೊಟ್ಟ ಜೀನ್ಸನ್ನು ಪರೀಕ್ಷಿಸಿ, ಬಳಿಕ ಅದನ್ನೇ ಒಗೆದು 13 ದಿನ ತೊಟ್ಟಾಗಿನ ಸ್ಥಿತಿಗೆ ಹೋಲಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಬ್ಯಾಕ್ಟೀರಿಯಾಗಳ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಅಮ್ಮಿಯ ಮುಂದೆ ಈ ಸಂಶೋಧನೆ ನಿಲ್ಲಲಿಲ್ಲ. ‘ನಮಾಜಿಗೆ ನಿಲ್ಲುವವನ ಬಟ್ಟೆ ಪಾಕ್ ಇರಬೇಕು, ಅಷ್ಟೇ’ ಎಂದರು. ಹಾಗೆ ನೋಡಿದರೆ ಬೆವರು, ಕೊಳೆ ಉಳಿದರೆ ಹತ್ತಿ ಬೇಗ ಹರಿಯುತ್ತದೆ, ಆಗಾಗ ಒಗೆಯಿರಿ ಎಂದು ಜಪಾನಿನ ತಯಾರಕರಲ್ಲೇ ಅನೇಕರು ಹೇಳುತ್ತಾರೆ. ಹುಡುಗ ನಾನಿಯ ಮಾತು ಕೇಳಿದ.

ಮಾರಾಟಕ್ಕಿಟ್ಟ ಸವೆತ

ಇಷ್ಟೆಲ್ಲ ಕಾಯಲು ಎಲ್ಲರಿಗೂ ವ್ಯವಧಾನವಿಲ್ಲ. 1970ರ ದಶಕದಿಂದ ಈಚೆಗೆ ಹೊಸ ಪ್ಯಾಂಟನ್ನೇ ಹಳತು ಮಾಡಿ ಮಾರುವ ಉದ್ಯಮ ಬೆಳೆಯಿತು. ಪ್ಯೂಮಿಸ್ ಎಂಬ ಹಗುರ ಕಲ್ಲಿನ ಜೊತೆ ತಿರುಗಿಸಿ ತೊಳೆಯುವುದು, ಮರಳು ಕಾಗದದಿಂದ ಉಜ್ಜುವುದು, ಪರ್ಮಾಂಗನೇಟ್ ಸಿಂಪಡಿಸುವುದು ಎಲ್ಲ ಬಂದವು. ಎಲ್ಲಕ್ಕಿಂತ ಸುಲಭದ, ಅಗ್ಗದ ದಾರಿಯೆಂದರೆ ಗಾಳಿಯ ಒತ್ತಡದಿಂದ ಮರಳನ್ನು ಬಟ್ಟೆಯ ಮೇಲೆ ಚಿಮ್ಮಿಸುವುದು. ಕೆಲವೇ ನಿಮಿಷದಲ್ಲಿ ತೊಡೆ, ಮಂಡಿಗಳು ವರ್ಷಗಟ್ಟಲೆ ಸವೆದಂತೆ ಬಿಳಿಯಾಗುತ್ತವೆ.

ಟರ್ಕಿಯಲ್ಲಿ ಈ ಕೆಲಸಕ್ಕೆ ನಿಂತವರು ಪೂರ್ವದ ಬಡ ಹಳ್ಳಿಗಳಿಂದ ಇಸ್ತಾಂಬುಲಿಗೆ ಬಂದ ಹುಡುಗರು. ಗಾಳಿಯಾಡದ ಕೋಣೆಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವರು ಮರಳು ಹೊಡೆದರು. ನುಣುಪು ಮರಳಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಗಣಿ ಕಾರ್ಮಿಕರಿಗೆ ಸಾಮಾನ್ಯವಾಗಿ ದಶಕಗಳ ದುಡಿಮೆಯ ಬಳಿಕ ಬರುವ ಈ ಕಾಯಿಲೆ ಇವರಿಗೆ ಕೆಲವೇ ವರ್ಷಗಳಲ್ಲಿ ಬಂತು. ಅದಕ್ಕೆ ಮದ್ದಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗರು ಉಸಿರಿಲ್ಲದೆ ಸತ್ತರು. 2009ರಲ್ಲಿ ಟರ್ಕಿ ಸರ್ಕಾರ ಜೀನ್ಸಿಗೆ ಮರಳು ಹೊಡೆಯುವುದನ್ನು ನಿಷೇಧಿಸಿತು, ಮರುವರ್ಷ ಕೆಲವು ದೊಡ್ಡ ಕಂಪನಿಗಳು ಅದನ್ನು ಕೈಬಿಡುವುದಾಗಿ ಪ್ರಕಟಿಸಿದವು. ಯಾರೋ ದೂರದ ಊರಿನ ಹುಡುಗ ಲೋಕ ಕಂಡವನಂತೆ ಕಾಣಲೆಂದು ಇವರು ತಮ್ಮ ಲೋಕವನ್ನೇ ಬಿಟ್ಟು ಹೋದರು.

ನಮ್ಮಿಂದ ದೂರವಿಲ್ಲದ ಬಳ್ಳಾರಿಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಜೀನ್ಸ್ ಹೊಲಿಯುವ ನೂರಾರು ಸಣ್ಣ ಘಟಕಗಳಿವೆ, ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ತೊಳೆಯುವ ಘಟಕಗಳಿಂದ ಹೊರಬರುವ ನೀಲಿ ನೀರು ಎಲ್ಲಿಗೆ ಹೋಗಬೇಕು ಎಂಬ ಜಗಳವೂ ಅಲ್ಲಿ ಹಳೆಯದು. ಹಾಗೆಂದು ಜಪಾನಿನ ಕೋರಾ ಜೀನ್ಸು ಪಾಪಮುಕ್ತವೇನಲ್ಲ. ಅದರ ನೂಲಿಗೂ ರಾಸಾಯನಿಕದ ನೀಲಿಯೇ ಬೇಕು. ಕೂಲಿಕಾರರ ಬಟ್ಟೆಯನ್ನು ಕೂಲಿಕಾರರು ಮುಟ್ಟಲಾಗದ ಬೆಲೆಗೆ ಏರಿಸಿದ್ದೂ ಅದೇ. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ಕೋರಾ ಜೀನ್ಸಿನ ಮೇಲೆ ಮೂಡುವ ಸವೆತಕ್ಕೆ ತೊಟ್ಟವನೇ ತನ್ನ ದಿನಗಳನ್ನು ಕೊಡುತ್ತಾನೆ. ಸವೆಸಿ ಮಾರುವ ಜೀನ್ಸಿನಲ್ಲಿ ಆ ದಿನಗಳನ್ನು ಬೇರೊಬ್ಬರ ಮೈಯಿಂದ ತೆಗೆಯಲಾಗುತ್ತದೆ.

ಈ ವರ್ಷ ಈದಿಗೆ ಭಾಂಜಾ ಮತ್ತೆ ಬಂದಿದ್ದ, ಅದೇ ಪ್ಯಾಂಟು. ತೊಡೆಯಲ್ಲಿ ಹಿಗೆ, ಮಂಡಿಯ ಹಿಂದೆ ಜೇನುಗೂಡು, ಬಲಜೇಬಿನಲ್ಲಿ ಫೋನಿನ ಚೌಕ. ಸಜ್ದಾಕ್ಕೆ ಬಾಗಿ ಬಾಗಿ ಎರಡೂ ಮಂಡಿಯ ಮೇಲೆ ಮಾಸಲು ಬಿಲ್ಲೆ. ಕಾಲು ಕೂಡುವಲ್ಲಿ ಬಟ್ಟೆ ಹರಿದಿತ್ತು. ಜಪಾನಿನಲ್ಲಿ ರಿಪೇರಿ ಮಾಡುವವರಿದ್ದರೂ ನಾನಾನ ಕೈಯಿಂದಲೇ ಆಗಲಿ ಎಂದು ಹಾಗೇ ತಂದಿದ್ದ. ಅಬ್ಬಾ ಕನ್ನಡಕ ಏರಿಸಿ, ಹಾಸು ಹೊಕ್ಕುಗಳ ಲೆಕ್ಕ ಹಿಡಿದು ಎರಡು ದಿನ ಕೂತು ರಫೂ ಮಾಡಿದರು. ಮುಗಿದ ಮೇಲೆ ಅವನು ಬೆರಳಾಡಿಸಿ ನೋಡಿದ, ಹರಿದದ್ದೆಲ್ಲಿ ಎಂದು ಸಿಗಲಿಲ್ಲ.

‘ಇದರಲ್ಲಿ ನೇಯ್ದವನಿಗೆ ಎಷ್ಟು ಸಿಕ್ಕಿತೋ?’ ಎಂದು ಅಬ್ಬಾ ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಬ್ಬಾ ಕತ್ತರಿಯಿಂದ ಉಳಿದ ದಾರ ಕತ್ತರಿಸಿದರು. ಐವತ್ತು ವರ್ಷ ಅದೇ ಕತ್ತರಿಯ ಹಿಡಿ ಒತ್ತಿ ಅವರ ಹೆಬ್ಬೆರಳಿನ ಬುಡದಲ್ಲಿ ಕಲ್ಲಿನಂಥ ಒಂದು ಗಡ್ಡೆ ಎದ್ದಿದೆ. ಆ ಗುರುತಿಗೆ ಯಾರೂ ಒಂದು ಹೆಸರಿಟ್ಟಿಲ್ಲ.